ಜಾಕೀಟಿಗೆ ಒಂದು ತುತ್ತು

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನನ್ನ ಮೇಲೆ ಎಸೆದವರು ಒಬ್ಬಿಬ್ಬರಲ್ಲ. ಮೊದಲು ಎಸೆದವನು ನನ್ನ ಕಾಕಾ. ಆಗ ನಾನು ನಮ್ಮ ಮನೆಯ ಅಂಗಳದಲ್ಲಿ ಎದೆಗೊಂದು ಬೆನ್ನಿಗೊಂದು ರೊಟ್ಟಿ ಹಂಚು ಕಟ್ಟಿಕೊಂಡು, ಅಜ್ಜನ ಉಕ್ಕಿನ ಟೊಪ್ಪಿಗೆಯನ್ನು ತಲೆಗೇರಿಸಿ, ಮಣ್ಣಿನಲ್ಲಿ ಬೋರಲು ಬಿದ್ದಿದ್ದೆ. ಆ ಗಾದೆಗೆ ನನ್ನ ಉತ್ತರ ಅಂದೂ ಒಂದೇ, ಇಂದೂ ಒಂದೇ: ನೆಲ ಡೊಂಕಾಗಿಯೇ ಇತ್ತು. ಎಷ್ಟು ಡೊಂಕಿತ್ತು ಎಂದು ಹೇಳುತ್ತೇನೆ, ಕೇಳಿ.

ನನ್ನ ಊರು ಸವಣೂರು ತಾಲೂಕಿನ ಹತ್ತಿಮತ್ತೂರು. ಇಪ್ಪತ್ತೊಂದರ ವಯಸ್ಸಿನಲ್ಲಿ ಯಲವಿಗಿಯಲ್ಲಿ ರೈಲು ಹತ್ತಿ ಹೋಗಿ ಒಂದು ಸಶಸ್ತ್ರ ಪಡೆ ಸೇರಿದೆ. ಇಂದಿಗೂ ಅದರಲ್ಲೇ ಇದ್ದೇನೆ. ಹಾಗಾಗಿ ಪಡೆಯ ಹೆಸರು, ಜನರ ಹೆಸರು, ಬೆಟ್ಟದ ಹೆಸರು ಯಾವುದನ್ನೂ ಕೇಳಬೇಡಿ. ನಾನು ಹೇಳಹೊರಟಿರುವುದು ಸಿಪಾಯಿ ತಲೆಗೆ ಇಟ್ಟುಕೊಳ್ಳುವ, ಎದೆಗೆ ಕಟ್ಟಿಕೊಳ್ಳುವ ಸಾಮಾನಿನ ಕಥೆ. ಅದು ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂಬುದು ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಯಾರ ಮೈಗೆ ಹೊಂದಲಿಲ್ಲ ಎಂಬುದು ಮಾತ್ರ ಅಲ್ಲಿ ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಆ ಕಥೆ ಅಜ್ಜನಿಂದ ಶುರು. ಅಜ್ಜ ಸೈನ್ಯದಲ್ಲಿದ್ದು ನಿವೃತ್ತಿಯಾಗಿ ಬಂದವನು. ಬರುವಾಗ ಉಕ್ಕಿನ ಒಂದು ಟೊಪ್ಪಿಗೆಯನ್ನೂ ಟ್ರಂಕಿನಲ್ಲಿ ತಂದಿದ್ದ. ಸರ್ಕಾರದ ಸಾಮಾನು ಸರ್ಕಾರಕ್ಕೆ ವಾಪಸು ಕೊಡಬೇಕಲ್ಲ, ಇದು ಹೇಗೆ ಬಂತು ಎಂದು ಕೇಳಿದರೆ ಮೀಸೆಯೊಳಗೇ ನಗುತ್ತಿದ್ದ. ಬೋಗುಣಿಯೊಂದನ್ನು ಬೋರಲು ಹಾಕಿ ಸುತ್ತ ಅಗಲವಾದ ಅಂಚು ಕೂಡಿಸಿದಂತಿತ್ತು ಅದು. ಮೇಲಿಂದ ಉದುರುವ ಕಲ್ಲು, ಚೂರುಗಳಿಗಾದರೆ ಅದು ಛತ್ರಿ. ನೇರ ಬರುವ ಗುಂಡಿಗೆ ಲೆಕ್ಕಕ್ಕೇ ಇಲ್ಲ ಎಂದು ಅಜ್ಜನೇ ಹೇಳುತ್ತಿದ್ದ.

"ಮತ್ತ ಎದಿಗೇನು ಕಟ್ಕೋತಿದ್ದಿ ಅಜ್ಜ?" ಎಂದು ನಾನು ಕೇಳಿದ್ದೆ.

"ಎದಿಗೇನು ಕಟ್ಟೂದವ್ವಾ? ಅಂಗಿ ಇರ್ತಿತ್ತು" ಎಂದಿದ್ದ.

ಟೊಪ್ಪಿಗೆಯ ಒಂದು ಬದಿ ತಗ್ಗಾಗಿತ್ತು. ಗುಂಡು ತಾಗಿದ ಗುರುತು ಎಂದು ಅಜ್ಜ ಕಟ್ಟೆಯ ಮೇಲೆ ಕೂತು ಹೇಳುವುದು, ಬಾವಿಯ ಕಲ್ಲಿಗೆ ಬಿದ್ದದ್ದು ಎಂದು ಆಯಿ ಒಳಗಿನಿಂದ ಕೂಗುವುದು, ಇದು ದಿನಾ ನಡೆಯುತ್ತಿತ್ತು. ಆಯಿ ಅಂದರೆ ಅಪ್ಪನ ಅವ್ವ. ಅಜ್ಜ ತೀರಿಕೊಂಡ ಮೇಲೆ ಆ ಟೊಪ್ಪಿಗೆಯಲ್ಲಿ ಅವಳು ಎಮ್ಮೆಗೆ ಹತ್ತಿಕಾಳು ನೆನೆಹಾಕತೊಡಗಿದಳು. ಒಂದು ಬೇಸಿಗೆಯಲ್ಲಿ ಆಲಿಕಲ್ಲು ಹೊಡೆಯುತ್ತಿದ್ದಾಗ ಮೇಯಲು ಬಿಟ್ಟಿದ್ದ ಎಮ್ಮೆಯನ್ನು ಹೊಡೆದುಕೊಂಡು ಬರಲು ಅದನ್ನೇ ತಲೆಗಿಟ್ಟು ನಡೆದಳು. ಒಳಗಿನ ಚರ್ಮದ ಪಟ್ಟಿ ಎಂದೋ ಕೊಳೆತು ಹೋಗಿತ್ತು. ಅದರ ಬದಲು ಒಂದು ಸಿಂಬಿ ಇಟ್ಟುಕೊಂಡಳು. ನಮ್ಮ ಹೆಂಗಸರು ಕೊಡ ಹೊರುವಾಗ ತಲೆಗೂ ಕೊಡಕ್ಕೂ ನಡುವೆ ಇಡುವ, ಹಳೆಯ ಅರಿವೆ ಹೊಸೆದು ಸುತ್ತಿದ ಸಿಂಬಿ. ಎಮ್ಮೆ ಬಂತು, ಆಯಿಯೂ ಬಂದಳು, ತಲೆಗೆ ಏನೂ ಆಗಿರಲಿಲ್ಲ.

"ತಲಿಗೂ ಕಬ್ಬಿಣಕ್ಕೂ ನಡಕ ಅರಿವಿ ಇರಬೇಕವ್ವಾ. ಇಲ್ಲಂದ್ರ ಉಳಸೋ ಸಾಮಾನೇ ಕೊಲ್ಲತೈತಿ" ಎಂದು ಹೇಳಿ, ಟೊಪ್ಪಿಗೆಗೆ ಮತ್ತೆ ಹತ್ತಿಕಾಳು ಹಾಕಿದಳು.

ಇನ್ನೊಂದು ನೆನಪು ಹಾನಗಲ್ಲಿನದು. ಶಾಲೆಯಿಂದ ಪ್ರವಾಸ ಕರೆದುಕೊಂಡು ಹೋಗಿದ್ದರು. ಗುಡಿಯ ಬಳಿ ವೀರಗಲ್ಲುಗಳಿದ್ದವು. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವುದು, ತುದಿಯಲ್ಲಿ ಶಿವನ ಸನ್ನಿಧಿ ಎಂದು ಮಾಸ್ತರು ಬೆರಳಿಟ್ಟು ತೋರಿಸಿದರು. ನಾನು ನಿಂತು ನೋಡಿದ ಕಲ್ಲಿನಲ್ಲಿ ವೀರನ ಎದೆ ಬರಿಮೈ. ಕೈಯಲ್ಲಿ ಗುರಾಣಿ, ತಲೆಯ ಮೇಲೆ ತುರುಬು, ಅಷ್ಟೇ. ಅವನನ್ನು ಎತ್ತಿಕೊಂಡಿದ್ದವರು ಮಾತ್ರ ಎರಡೂ ಕಡೆ ಹೆಂಗಸರು.

"ಸರ್, ಇಲ್ಲೂ ಭಾರ ಹೊರೋರು ಹೆಂಗಸರ ಅದಾರಲ್ರಿ" ಎಂದೆ.

ಹುಡುಗಿಯರು ನಕ್ಕರು, ಮಾಸ್ತರು ಗದರಿದರು. ಅಂದಿನಿಂದ ಬಾಯಿ ಜೋರಿನ ಹುಡುಗಿ ಎಂದು ನನ್ನ ಹೆಸರು ಕೆಟ್ಟಿತು. ಕೆಟ್ಟ ಹೆಸರಿಗೂ ಒಂದು ಅನುಕೂಲ ಇದೆ, ಅದನ್ನು ಕಾಪಾಡುವ ಕಷ್ಟ ಇರುವುದಿಲ್ಲ.

ಭರ್ತಿಗೆ ತಯಾರಾಗಲು ಅಕ್ಕನ ಮನೆಯಲ್ಲಿ ಉಳಿದೆ. ಅಕ್ಕನನ್ನು ಶಿಗ್ಗಾಂವಿಗೆ ಕೊಟ್ಟಿದ್ದರು. ಅಲ್ಲಿನ ಮೈದಾನದಲ್ಲಿ ಎರಡು ವರ್ಷ ದಿನಾ ಬೆಳಿಗ್ಗೆ ಓಡಿದೆ. ಇವಳನ್ನು ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಕೇಳಿದವರಿದ್ದರು. ಓಡುವ ಹುಡುಗಿಗೆ ವರ ಸಿಗುವುದಿಲ್ಲ ಎಂದು ಅಕ್ಕನ ಅತ್ತೆಗೆ ಹೇಳಿ ಹೋದವರಿದ್ದರು. ವರ ಸಿಗಲಿಲ್ಲ ಎಂಬುದೇನೋ ನಿಜ. ಕೆಲಸ ಸಿಕ್ಕಿತು.

ತರಬೇತಿಯಲ್ಲಿ ನಮಗೆ ಕೊಟ್ಟದ್ದು ನಾರಿನಿಂದ ಒತ್ತಿ ಮಾಡಿದ ಗಟ್ಟಿ ಹೆಲ್ಮೆಟ್. ಅಜ್ಜನ ಉಕ್ಕಿಗಿಂತ ಹಗುರ, ಆದರೆ ಇದನ್ನೂ ಗುಂಡಿಗೆ ನಂಬುವಂತಿರಲಿಲ್ಲ. ಮೊದಲ ಠಾಣೆಯಲ್ಲಿ ಪಟ್ಕಾ ಬಂತು. ನಮ್ಮೂರಲ್ಲಿ ಪಟಗ ಅಂದರೆ ಹಿರಿಯರು ಸುತ್ತುವ ರುಮಾಲು. ಇದು ಹಣೆಗೂ ಹಿಂದಲೆಗೂ ಗುಂಡು ತಡೆಯುವ ಹಲ್ಲೆ, ಅಂದರೆ ದಪ್ಪ ತಗಡು, ಇಟ್ಟು ಬಟ್ಟೆಯಲ್ಲಿ ಬಿಗಿಯುವ ಸಾಮಾನು. ಹಣೆಗೆ ಬಂದ ಗುಂಡನ್ನು ತಡೆಯುತ್ತಿತ್ತು, ನೆತ್ತಿ ಮಾತ್ರ ಬಟಾಬಯಲು. ಆಮೇಲೆ ಬೆಟ್ಟದ ಠಾಣೆಗೆ ಹೋದಾಗ ಇಡೀ ತಲೆ ಮುಚ್ಚುವ, ಗುಂಡಿಗೂ ತಡೆಯುವ ಹೊಸ ಹೆಲ್ಮೆಟ್ ಕೊಟ್ಟರು. ಜೊತೆಗೆ ಜಾಕೀಟು. ಎದೆಗೊಂದು, ಬೆನ್ನಿಗೊಂದು ಉಕ್ಕಿನ ಹಲ್ಲೆ ತೂರಿಸಿದ ದಪ್ಪ ಬಟ್ಟೆಯ ಕವಚ. ತುಂಬಿದ ಕೊಡದಷ್ಟು ಭಾರ. ಅಜ್ಜ ಬರೀ ಅಂಗಿಯಲ್ಲಿ ನಿಂತಿದ್ದ ಜಾಗದಲ್ಲಿ ನನಗೆ ಇಷ್ಟೆಲ್ಲ ಸಿಕ್ಕಿತಲ್ಲ ಎಂದು ಮೊದಲ ದಿನ ಹೆಮ್ಮೆಯೇ ಆಯಿತು. ಎರಡನೆಯ ದಿನ ಬೆಳಿಗ್ಗೆ ಬೋರಲು ಮಲಗಿ ಗುರಿ ಹಿಡಿಯಬೇಕಾಗಿ ಬಂದಾಗ ಆ ಹೆಮ್ಮೆ ಇಳಿಯಿತು.

ಜಾಕೀಟು ಗಂಡಸಿನ ಅಳತೆಯದು. ಅದರ ಹಲ್ಲೆ ಚಪ್ಪಟೆ, ನನ್ನ ಎದೆ ಚಪ್ಪಟೆಯಲ್ಲ. ಮೇಲಿನ ಅಂಚು ಮುಂದಕ್ಕೆ ಜೋಲುತ್ತಿತ್ತು, ಕೆಳಗಿನ ಅಂಚು ಹೊಟ್ಟೆಗೆ ಒತ್ತುತ್ತಿತ್ತು. ಬಂದೂಕಿನ ಹಿಂಬದಿ ಹೆಗಲಲ್ಲಿ ಕೂರಲು ಜಾಗವೇ ಇರುತ್ತಿರಲಿಲ್ಲ. ಮಲಗಿದ ಕೂಡಲೇ ಬೆನ್ನಿನ ಹಲ್ಲೆ ಮೇಲಕ್ಕೆ ಜಾರಿ ಹೆಲ್ಮೆಟ್ಟಿನ ಹಿಂಭಾಗಕ್ಕೆ ಗುದ್ದುತ್ತಿತ್ತು. ತುರುಬು ಬೇರೆ ಒಳಗಿನಿಂದ ದೂಡುತ್ತಿತ್ತು. ಹೆಲ್ಮೆಟ್ ಮುಂದಕ್ಕೆ ಬಾಗಿ ಕಣ್ಣು ಮುಚ್ಚಿಬಿಡುತ್ತಿತ್ತು. ಗುರಿ ಇಡುವ ಹೊತ್ತಿಗೆ ನನಗೆ ಕಾಣುತ್ತಿದ್ದದ್ದು ನನ್ನದೇ ಹೆಲ್ಮೆಟ್ಟಿನ ಅಂಚು. ವೀರಗಲ್ಲಿನ ವೀರನಿಗೂ ತುರುಬಿತ್ತು, ಅವನಿಗೆ ಈ ತೊಂದರೆ ಇರಲಿಲ್ಲ.

ಆ ಠಾಣೆಯಲ್ಲಿ ನಾವು ಆರು ಹೆಂಗಸರು. ಅವರಿಗೆ ನಾನು ಮುಖ್ಯಸ್ಥೆ. ನಮ್ಮ ಕೆಲಸ, ಬೆಳಿಗ್ಗೆ ವಾಹನಗಳು ಹೊರಡುವ ಮುನ್ನ ರಸ್ತೆಯುದ್ದಕ್ಕೂ ನಡೆದು ಎಲ್ಲಾದರೂ ಏನಾದರೂ ಹೂತಿಟ್ಟಿದ್ದಾರೆಯೇ ಎಂದು ನೋಡುವುದು. ಆ ಕೆಲಸದಲ್ಲಿರಬೇಕಾದರೆ ಪೂರ್ತಿ ಸಾಮಾನು ಹೊತ್ತು ಓಡಿ, ಮಲಗಿ, ಗುಂಡು ಹೊಡೆಯುವ ಪರೀಕ್ಷೆಯಲ್ಲಿ ಪಾಸಾಗಬೇಕು. ಆರೂ ಮಂದಿ ಫೇಲಾದೆವು. ನನ್ನ ಹತ್ತು ಗುಂಡಿನಲ್ಲಿ ಮೂರು ಮಾತ್ರ ಗುರಿ ಮುಟ್ಟಿದವು.

ಠಾಣೆಯ ಸಾಹೇಬರು ಕೆಟ್ಟ ಮನುಷ್ಯರಲ್ಲ. "ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷೆ. ಆಗಲೂ ಆಗದಿದ್ದರೆ ನೀವು ಆರೂ ಜನ ಗೇಟಿಗೆ" ಎಂದರು. ಅಲ್ಲಿನ ಮಾತೆಲ್ಲ ಹಿಂದಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೇಟು ಅಂದರೆ ಬಂದುಹೋಗುವ ಹೆಂಗಸರ ಚೀಲ ತಡಕಾಡುವುದು. ಅಲ್ಲಿ ನೆರಳಿತ್ತು, ಕುರ್ಚಿಯಿತ್ತು, ಎರಡು ಸಲ ಚಹಾ ಬರುತ್ತಿತ್ತು. ಅಪಾಯವೂ ಕಡಿಮೆ, ನಿನಗೇಕೆ ಇಲ್ಲದ ಉಸಾಬರಿ ಎಂದು ಗಂಡಸರು ಪ್ರೀತಿಯಿಂದಲೇ ಹೇಳಿದರು. ಆ ಪ್ರೀತಿ ನನ್ನ ಮೈ ಉರಿಸಿತು. ಒಂದು ಸಲ ಆ ಕುರ್ಚಿಯಲ್ಲಿ ಕೂತರೆ ಏಳಿಸುವವರು ಯಾರೂ ಇರುವುದಿಲ್ಲ. ನಮ್ಮ ಹಿಂದೆ ಬರುವ ಹುಡುಗಿಯರಿಗೂ ಅದೇ ಕುರ್ಚಿ ತೋರಿಸುತ್ತಾರೆ. ಶಿಗ್ಗಾಂವಿಯ ಮೈದಾನದಲ್ಲಿ ನಾನು ಓಡಿದ್ದು ಕುರ್ಚಿಗಾಗಿ ಅಲ್ಲ.

ಜಾಕೀಟು ಬದಲಿಸಿ ಕೊಡಿ ಎಂದು ಸ್ಟೋರಿನ ಹವಾಲ್ದಾರನನ್ನು ಕೇಳಿದೆ. ಇರುವುದು ಇದೊಂದೇ ತರಹದ್ದು ಎಂದ. ದರ್ಜಿಗೆ ಕೊಟ್ಟು ಸರಿಮಾಡಿಸಲೇ ಎಂದೆ. ಸರ್ಕಾರಿ ಸಾಮಾನಿಗೆ ಸೂಜಿ ತಾಗಿದರೆ ಕೇಸು ಎಂದ. ಹತ್ತು ದಿನ ರಜೆ ಬರೆದು ಊರಿಗೆ ಬಂದೆ.

ಅಂಗಳದಲ್ಲಿ ರೊಟ್ಟಿ ಹಂಚು ಕಟ್ಟಿಕೊಂಡು ಬಿದ್ದದ್ದು ಆವಾಗಲೇ. ಏನು ತೊಂದರೆ ಎಂದು ಆಯಿ ಕೇಳಿದ್ದಳು. ಬಾಯಲ್ಲಿ ಹೇಳಿದ್ದು ಅವಳಿಗೆ ತಿಳಿಯಲಿಲ್ಲ. ಅಡುಗೆಮನೆಯ ಎರಡು ಕಬ್ಬಿಣದ ಹಂಚು ತಂದು, ಹಗ್ಗದಲ್ಲಿ ಹೆಗಲಿಗೆ ಜೋತುಬಿಟ್ಟು, ಟೊಪ್ಪಿಗೆ ಇಟ್ಟು, ಒನಕೆಯನ್ನು ಬಂದೂಕಿನಂತೆ ಹಿಡಿದು ಮಲಗಿ ತೋರಿಸಿದೆ. ಟೊಪ್ಪಿಗೆ ಕಣ್ಣಿನ ಮೇಲೆ ಬಂತು. ಓಣಿಯ ಮಂದಿ ಬಾಗಿಲಲ್ಲಿ ನಿಂತರು. ಹೊಲದಿಂದ ಬಂದ ಕಾಕಾ ಆಗ ಆ ಗಾದೆ ಹೇಳಿದ್ದು.

"ನಿಮ್ಮಜ್ಜ ಹಿಂಗ ಅಳತಿ ಹೊಂದಂಗಿಲ್ಲ ಅಂತ ಅಂದಿದ್ನೇನು? ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದ್ಲಂತ."

ಆಯಿ ಅವನ ಕಡೆ ತಿರುಗಿಯೂ ನೋಡಲಿಲ್ಲ. "ನೀ ಹಿಂದಕ ಸರಿ. ಹುಟ್ಟಿದಾಗಿಂದ ಒಂದರ ಕೊಡ ಹೊತ್ತಿಯೇನು? ಹೊತ್ತಾಕಿ ಮಾತಾಡಾಕತ್ತಾಳ, ಕೇಳು" ಎಂದಳು. ಆಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಸುತ್ತ ಎರಡು ಸಲ ತಿರುಗಿದಳು. ಹಂಚಿಗೂ ಹೊಟ್ಟೆಗೂ ನಡುವೆ ಬೆರಳು ತೂರಿಸಿ ನೋಡಿದಳು.

"ಯವ್ವಾ, ಕೊಡ ತುಂಬಿದ ಮ್ಯಾಲ ಎಲ್ಲಿ ಇಟ್ಕೋತಿ?"

"ಟೊಂಕದ ಮ್ಯಾಲ."

"ಹೆಗಲಿಗೆ ಯಾಕ ಜೋತು ಹಾಕ್ಕೊಳ್ಳಂಗಿಲ್ಲ?"

"ಹೆಗಲು ಹರೀತಾವ ಆಯಿ."

"ಮತ್ತ ಈ ಭಾರ ಹೆಗಲಿಗೆ ಯಾಕ ಜೋತು ಬಿಟ್ಟಾರ?"

"ಅವ್ರು ಹಂಗ ಹೊಲ್ದಾರ."

"ಹೊಲ್ದಾಂವ ನೀರು ಹೊತ್ತಾಂವ ಅಲ್ಲ ಬಿಡು" ಎಂದು ಆಯಿ ದಬ್ಬಣ ಹುಡುಕಲು ಒಳಗೆ ಹೋದಳು.

ಆಯಿಯ ತವರು ಹಿರೇಕೆರೂರು ಕಡೆಯ ಮಾಸೂರು. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಭತ್ತದ ಹೊರೆ ಹೊತ್ತು ಬೆಳೆದವಳು. ಭಾರ ಅಂದರೆ ಏನು, ಅದು ಮೈಯಲ್ಲಿ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಸವಣೂರಿನ ಪೇಟೆಗೆ ಹೋಗಿ ದಪ್ಪ ದಾರ ತಂದೆ. ಅವಳ ಹಳೆಯ ಇಳಕಲ್ ಸೀರೆ, ಅಜ್ಜನ ಧೋತರ ಹರಿದು, ಪದರ ಪದರ ಇಟ್ಟು, ಕೌದಿ ಹೊಲಿಯುವಂತೆಯೇ ಸಾಲುಸಾಲಾಗಿ ಹೊಲಿಗೆ ಹಾಕಿದಳು. ಗೇಣಿನಲ್ಲಿ ನನ್ನ ಅಳತೆ ತೆಗೆದಳು. ಟೊಂಕಕ್ಕೆ ಒಂದು ಅಗಲ ಪಟ್ಟಿ, ಅದರ ಮೇಲಂಚಿಗೆ ಹೆಬ್ಬೆರಳು ಗಾತ್ರದ ಸುರುಳಿ. ಹಲ್ಲೆಯ ಕೆಳಗಿನ ಅಂಚು ಅದರ ಮೇಲೆ ಕೂರಬೇಕು. ಎದೆಯ ಕೆಳಗೆ ಒಂದು ಅರ್ಧಚಂದ್ರ, ಹಲ್ಲೆ ನೆಟ್ಟಗೆ ನಿಲ್ಲಲು. ಹೆಲ್ಮೆಟ್ಟಿಗೆ ತೆಳ್ಳನೆಯ ಸಿಂಬಿ, ಹಿಂದೆ ತುರುಬಿಗೆ ಜಾಗ ಬಿಟ್ಟು. ಹಂಚು ಕಟ್ಟಿಕೊಂಡು ಮತ್ತೆ ಮಲಗಿದೆ. ಟೊಪ್ಪಿಗೆ ಕದಲಲಿಲ್ಲ. ಅಂಗಳದ ಆಚೆ ತುದಿಯಲ್ಲಿ ಎಮ್ಮೆಯ ಕಿವಿ, ಅದರ ಮೇಲಿನ ನೊಣ ಎಲ್ಲ ಕಂಡವು. ನನಗೆ ಅಳು ಬಂತು, ಅತ್ತುಬಿಟ್ಟೆ. ಕಾಕಾ ಕೈಕಾಲು ತೊಳೆಯಲು ಹೋದ.

ಇಲ್ಲಿ ಒಂದು ಮಾತು ಹೇಳಬೇಕು, ಮುಂದಿನ ಅನಾಹುತ ಅದರಿಂದಲೇ ಆದದ್ದು. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಹೊಲಿದು ಮುಚ್ಚುವ ಮುನ್ನ ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಅದು ಕೌದಿಯ ತುತ್ತು. "ಹಸದ ಕೌದಿ ಹೊಚಿಗೊಂಡವ್ರ ನಿದ್ದಿ ತಿಂತೈತಿ" ಎಂದು ಆಯಿ ಹೇಳುವುದು. ಈ ಪಟ್ಟಿಗೂ ಅರ್ಧಚಂದ್ರಕ್ಕೂ ಸಿಂಬಿಗೂ ಅವಳು ಬೆರಳ ತುದಿಯಷ್ಟು ಕಡಕ್ ರೊಟ್ಟಿ ಮುರಿದು ಇಟ್ಟೇ ಮುಚ್ಚಿದಳು. ನನಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ನಾನು ಹುಟ್ಟಿದಾಗಿನಿಂದ ಹೊದ್ದದ್ದೆಲ್ಲ ಉಂಡ ಕೌದಿಗಳನ್ನೇ.

ಠಾಣೆಗೆ ಮರಳಿ ನನ್ನ ಐವರು ಗೆಳತಿಯರಿಗೂ ಅದೇ ನಮೂನೆಯಲ್ಲಿ ಹೊಲಿದೆ. ಅವರೆಲ್ಲ ಬೇರೆ ಬೇರೆ ರಾಜ್ಯದವರು. ಹಳೆಯ ದುಪಟ್ಟಾ, ಬೆಡ್‌ಶೀಟು ಏನು ಸಿಕ್ಕರೆ ಅದನ್ನು ಹರಿದೆವು. ಕೊನೆಯ ಮೂಲೆ ಮುಚ್ಚುವಾಗ ನನ್ನ ಕೈ ತಾನೇ ಮೆಸ್ಸಿನ ಚಪಾತಿಯ ಕಡೆ ಹೋಯಿತು. ಇದೇನು ಹುಚ್ಚು ಎಂದು ಅವರು ನಕ್ಕರು. ಒಬ್ಬಳು ಬೇಡ ಎಂದೇ ಹೇಳಿದಳು. ನಮ್ಮಲ್ಲಿ ಹೀಗೇ ಎಂದು ಗದರಿಸಿ, ಐವರದ್ದಕ್ಕೂ ತುತ್ತು ಇಟ್ಟೆ. ಸಡಿಲ ಬಿಟ್ಟರೆ ಪಟ್ಟಿಗಳು ಜಾರುತ್ತಿದ್ದವು. ಪರೀಕ್ಷೆಯ ಹಿಂದಿನ ಸಂಜೆ ಅವನ್ನೆಲ್ಲ ಜಾಕೀಟಿನ ಬಟ್ಟೆಯ ಒಳಗಡೆ ನಾಲ್ಕು ನಾಲ್ಕು ಟಾಕಿ ಹೊಲಿಗೆ ಹಾಕಿ ಕೂಡಿಸಿ ಸ್ಟೋರಿಗೆ ಒಪ್ಪಿಸಿದೆವು. ಸೂಜಿ ತಾಗಿಸಬಾರದು ಎಂದವನ ಕಣ್ಣಿಗೆ ಅದು ಬೀಳಲಿಲ್ಲ.

ಬೆಳಿಗ್ಗೆ ಸ್ಟೋರಿನ ಬಾಗಿಲು ತೆಗೆದಾಗ ನೆಲದ ಮೇಲೆಲ್ಲ ಅರಳೆಯಂತೆ ಬಟ್ಟೆಯ ಚೂರು. ಇಲಿಗಳು ಬಂದು ಹೋಗಿದ್ದವು. ಕಪಾಟಿನಲ್ಲಿ ನಲವತ್ತು ಜಾಕೀಟು ಇದ್ದವು. ಗಂಡಸರದ್ದನ್ನು ಮೂಸಿಯೂ ನೋಡದೆ, ಸರಿಯಾಗಿ ನಮ್ಮ ಆರನ್ನೇ ಕಡಿದು ಹರಿದಿದ್ದವು. ಹವಾಲ್ದಾರ ಒಂದು ಜಾಕೀಟು ಎತ್ತಿ ಕೊಡವಿದ. ಚಪಾತಿಯ ಒಂದು ಒಣ ಚೂರು ನನ್ನ ಬೂಟಿನ ಮುಂದೆ ಬಿತ್ತು.

ಬೇಡ ಎಂದಿದ್ದ ಗೆಳತಿ ನನ್ನನ್ನು ನೋಡಿದಳು, ಅಷ್ಟೇ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ನನ್ನ ಹಟಕ್ಕೆ ಆರು ಜನ ಕುರ್ಚಿಯ ಪಾಲಾಗುವುದು ನನಗೆ ಕಣ್ಣೆದುರು ಕಂಡಿತು. ಹರಿದ ಜಾಕೀಟು ಪರೀಕ್ಷೆಗೆ ಕೊಡುವಂತಿಲ್ಲ, ಜಾಕೀಟಿಲ್ಲದೆ ಪರೀಕ್ಷೆಯಿಲ್ಲ ಎಂದು ಹವಾಲ್ದಾರ ಸಾಹೇಬರಿಗೆ ವರದಿ ಕೊಟ್ಟ. ನಾಚಿಕೆ ಇದ್ದದ್ದು ನಿಜ, ಆದರೆ ಸಾಹೇಬರ ಮುಂದೆ ನಿಂತಾಗ ನನ್ನ ಬಾಯಿ ತನ್ನ ಹಳೆಯ ಹೆಸರನ್ನು ಉಳಿಸಿಕೊಂಡಿತು.

"ಸಾಹೇಬರೇ, ಗುಂಡು ತಡೆಯುವುದು ಉಕ್ಕು. ಉಕ್ಕನ್ನು ಇಲಿ ತಿಂದಿಲ್ಲ. ಹರಿದದ್ದು ಬಟ್ಟೆ. ಬಟ್ಟೆ ಹೊಲಿಯಲು ನನಗೆ ಬರುತ್ತದೆ."

ಅವರು ಗಡಿಯಾರ ನೋಡಿದರು. ಗಂಡಸರ ಸರದಿ ಮುಗಿಯುವವರೆಗೆ ಸಮಯ ಎಂದರು.

ಗುಂಡಿನ ಮೈದಾನದ ಪಕ್ಕದ ಬೇವಿನ ಮರದ ಕೆಳಗೆ ಆರೂ ಜನ ಕೂತೆವು. ಜಾಕೀಟಿಗೂ ಒಳಗಿನ ಪಟ್ಟಿಗೂ ತೂತು ಬಿದ್ದಲ್ಲಿ ದುಪಟ್ಟಾದ ತೇಪೆ ಇಟ್ಟೆವು. ಕೆಂಪು, ಹಳದಿ, ಒಂದು ಕಡೆ ಹೂವಿನ ಅಚ್ಚು. ಬೇಡ ಎಂದಿದ್ದವಳೇ ಎಲ್ಲರಿಗಿಂತ ಬೇಗ ಬೇಗ ಹೊಲಿದಳು. ಆ ಕಡೆ ಢಂ ಢಂ ಎಂದು ಗುಂಡು, ಈ ಕಡೆ ನಮ್ಮ ಸೂಜಿ. ಹಸಿರು ಜಾಕೀಟುಗಳು ಅರ್ಧ ಕೌದಿಯಾದವು. ಹಾಕಿಕೊಂಡು ಮೈದಾನಕ್ಕೆ ಇಳಿದಾಗ ಗಂಡಸರು ಸೀಟಿ ಹೊಡೆದರು, ಮದುವೆಗೆ ಹೊರಟಿರೇನು ಎಂದು ಒಬ್ಬ ಕೇಳಿದ. ಮದುವೆಗಲ್ಲ, ನಿನ್ನ ಅಂಕ ಮುರಿಯಲು ಎಂದೆ.

ಓಡಿದೆ, ಬಿದ್ದೆ, ಮಲಗಿದೆ. ಭಾರ ಟೊಂಕದಲ್ಲಿ ಕೂತಿತ್ತು. ಬಂದೂಕು ಹೆಗಲಲ್ಲಿ ತನ್ನ ಜಾಗ ಕಂಡುಕೊಂಡಿತ್ತು. ಹೆಲ್ಮೆಟ್ ಸುಮ್ಮನಿತ್ತು. ಹತ್ತರಲ್ಲಿ ಒಂಬತ್ತು ಗುಂಡು ಗುರಿ ಮುಟ್ಟಿದವು. ನಮ್ಮಲ್ಲಿ ಐವರು ಪಾಸಾದೆವು. ಆರನೆಯವಳು ಫೇಲಾದಳು, ಅವಳ ಗುರಿಯೇ ಹಾಗೆ. ಅದಕ್ಕೆ ಜಾಕೀಟನ್ನು ದೂರುವವಳು ನಾನಲ್ಲ. ಮದುವೆಯ ಮಾತು ಕೇಳಿದವನು ಏಳಕ್ಕೇ ನಿಂತಿದ್ದ.

ಪರೀಕ್ಷೆಯ ಫಲಿತಾಂಶ ಫಲಿತಾಂಶವೇ ಎಂದರು ಸಾಹೇಬರು. ಸೋಮವಾರದಿಂದ ಐವರಿಗೆ ಮತ್ತೆ ರಸ್ತೆ. ಆದರೆ ಇಲಿಯ ಕೇಸು ಹಾಗೇ ಇತ್ತು. ಸರ್ಕಾರಿ ರಕ್ಷಾ ಸಾಮಾನಿನೊಳಗೆ ಆಹಾರ ಇಟ್ಟದ್ದು ಯಾರು, ಏಕೆ, ಬರೆದುಕೊಡಿ ಎಂದು ಒಂದು ಕಾಗದ ಬಂತು. ನಾನು ಎರಡು ವಾಕ್ಯ ಬರೆದೆ. ಮೊದಲನೆಯದು: ನಮ್ಮ ಮನೆಯಲ್ಲಿ ಕೈಯಿಂದ ಹೊಲಿದದ್ದಕ್ಕೆ ಒಂದು ತುತ್ತು ಇಡುವ ಪದ್ಧತಿಯಿದೆ, ಇಟ್ಟವಳು ನಾನು, ತಪ್ಪು ನನ್ನದು. ಎರಡನೆಯದು: ಜಾಕೀಟು ನಮ್ಮ ಮೈಯ ಅಳತೆಯದ್ದಾಗಿದ್ದರೆ ನಾನು ಸೂಜಿ ಹಿಡಿಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸಾಹೇಬರು ಓದಿದರು. ಪೆನ್ನು ನನ್ನ ಕಡೆ ಸರಿಸಿದರು. "ಎರಡನೆಯ ವಾಕ್ಯ ಹೊಡೆದುಹಾಕು. ಎಚ್ಚರಿಕೆ ಕೊಟ್ಟು ಇಲ್ಲೇ ಮುಗಿಸುತ್ತೇನೆ. ಇದ್ದರೆ ಮೇಲಿನವರಿಗೆ ಹೋಗುತ್ತದೆ, ನಿನ್ನ ಸೇವಾ ಪುಸ್ತಕದಲ್ಲಿ ಬೀಳುತ್ತದೆ, ಬಡ್ತಿ ತಡವಾಗುತ್ತದೆ. ಇದು ನಿನ್ನ ಒಳ್ಳೆಯದಕ್ಕೇ ಹೇಳುತ್ತಿರುವುದು."

ಒಳ್ಳೆಯದಕ್ಕೇ ಹೇಳಿದ್ದರು, ಅದು ನನಗೆ ಗೊತ್ತಿತ್ತು. ಪೆನ್ನು ಮುಟ್ಟಲಿಲ್ಲ. ಮೊದಲನೆಯ ವಾಕ್ಯ ಎಷ್ಟು ನಿಜವೋ ಎರಡನೆಯದೂ ಅಷ್ಟೇ ನಿಜ ಸಾಹೇಬರೇ, ಹೊಡೆಯುವುದಾದರೆ ಎರಡನ್ನೂ ಹೊಡೆಯಿರಿ ಎಂದೆ. ಅವರು ಎರಡನ್ನೂ ಹೊಡೆಯಲಿಲ್ಲ. ಕಾಗದ ಮೇಲಕ್ಕೆ ಹೋಯಿತು. ಪುಸ್ತಕದಲ್ಲಿ ಕೆಂಪು ಶಾಯಿ ಬಿತ್ತು. ನನ್ನ ಜೊತೆಯವರಿಗೆಲ್ಲ ಹವಾಲ್ದಾರ್ ಪಟ್ಟಿ ಬಂದ ಎರಡು ವರ್ಷಕ್ಕೆ ನನಗೆ ಬಂತು. ಆ ಎರಡು ವರ್ಷವೂ ನಾನು ರಸ್ತೆಯ ಮೇಲೆ ನಡೆದೆ. ಕೌದಿಯ ಪಟ್ಟಿ ಟೊಂಕದಲ್ಲಿತ್ತು, ಈಗ ಅಂಗಿಯ ಒಳಗೆ, ಟಾಕಿ ಹಾಕದೆ.

ಫೋನಿನಲ್ಲಿ ಆಯಿಗೆ ಈ ಕೆಂಪು ಶಾಯಿಯ ಸುದ್ದಿ ಹೇಳಿದಾಗ ಅವಳಿಗೆ ಸಿಟ್ಟು ಬಂತು.

"ನಿಮ್ಮಜ್ಜ ಇಡೀ ಟೊಪ್ಪಿಗೀನ ಟ್ರಂಕಿನ್ಯಾಗ ಹಾಕ್ಕೊಂಡು ಬಂದ. ಯಾರರ ಕೇಳಿದ್ರೇನು? ನೀ ಒಂದು ಚೂರು ರೊಟ್ಟಿ ಇಟ್ಟಿದ್ದಕ್ಕ ಇಷ್ಟು ಬರೀತಾರ?"

"ರೊಟ್ಟಿಗಲ್ಲ ಆಯಿ, ಬಾಯಿಗೆ."

"ಹಂಗಾದ್ರ ಬರೀಲಿ ಬಿಡು" ಎಂದಳು.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಕಳೆದ ಚಳಿಗಾಲದಲ್ಲಿ ಹೊಸ ಜಾಕೀಟು ಬಂದವು. ಉಕ್ಕಿನ ಬದಲು ಪಿಂಗಾಣಿಯಂಥದ್ದನ್ನು ಸುಟ್ಟು ಮಾಡಿದ ಹಗುರ ಹಲ್ಲೆ. ಎರಡೂ ಪಕ್ಕಕ್ಕೆ ಎಳೆದು ಬಿಗಿಯುವ ಪಟ್ಟಿ. ಟೊಂಕಕ್ಕೆ ಒಂದು ಅಗಲ ಬೆಲ್ಟು, ಭಾರವೆಲ್ಲ ಅದರ ಮೇಲೆ ಕೂರುತ್ತದೆ. ಹೆಲ್ಮೆಟ್ಟಿನ ಹಿಂಭಾಗ ಎತ್ತರಕ್ಕೆ ಕತ್ತರಿಸಿದ್ದಾರೆ, ತುರುಬಿಗೆ ತಾಗುವುದಿಲ್ಲ. ಒಳಗೆ ಮೆತ್ತೆಯ ತುಂಡುಗಳನ್ನು ಗುಂಡಗೆ ಜೋಡಿಸಿದ್ದಾರೆ, ನೋಡಿದವರು ಯಾರಾದರೂ ಸಿಂಬಿ ಎಂದೇ ಹೇಳಬೇಕು. ಹೆಂಗಸರಿಗೆ ಬೇರೆ ಅಳತೆ, ಚೀಲದ ಮೇಲೆ ಹಾಗೆಂದು ಅಚ್ಚು ಹಾಕಿದೆ. ಇದೆಲ್ಲ ನನ್ನ ಒಂದು ಕಾಗದದಿಂದ ಆಯಿತು ಎಂದು ಹೇಳಿಕೊಳ್ಳುವಷ್ಟು ಹುಚ್ಚು ನನಗಿಲ್ಲ. ನನ್ನಂಥ ಎಷ್ಟು ಜನ ಎಷ್ಟು ಠಾಣೆಯಲ್ಲಿ ಪೆನ್ನು ಮುಟ್ಟದೆ ನಿಂತಿದ್ದರೋ, ಯಾರು ಬಲ್ಲರು. ಹೊಸದಾಗಿ ಬಂದ ಹುಡುಗಿಯರು ಅದನ್ನು ತೊಟ್ಟು, ಬೋರಲು ಮಲಗಿ, ಒಂದು ಮಾತೂ ಆಡದೆ ಗುರಿ ಹೊಡೆದರು. ಮೊದಲು ಹೇಗಿತ್ತು ಎಂದು ಅವರು ಕೇಳಲೂ ಇಲ್ಲ. ನನಗೆ ಅದೇ ಖುಷಿ.

ಆ ಸಂಜೆ ಆಯಿಗೆ ಫೋನು ಮಾಡಿದೆ. ಈಗ ಅವಳಿಗೆ ಕಿವಿ ಮಂದ. ಕೂಗಿ ಕೂಗಿ ಹೇಳಿದೆ: ಹೊಸ ಜಾಕೀಟು ಬಂದೈತಿ, ನಮ್ಮ ಅಳತೀದು, ಭಾರ ಟೊಂಕದ ಮ್ಯಾಲ ಕುಂದರತೈತಿ.

ಅವಳು ಕೇಳಿದಳು, "ಅದರ ಹೊಟ್ಟಿಗೆ ಏನರ ಇಟ್ಟಾರೇನು?"

"ಇಲ್ಲ ಆಯಿ."

"ನೋಡಿದಿಯೇನು! ಅಷ್ಟು ಮಾಡಿದವ್ರಿಗೆ ಇದೊಂದು ತಿಳೀಲಿಲ್ಲ. ಮತ್ತ, ನೀನ ಇಡು."

ಊರಿನಿಂದ ತಂದ ಕಡಕ್ ರೊಟ್ಟಿ ಡಬ್ಬಿಯಲ್ಲಿತ್ತು. ಬೆರಳ ತುದಿಯಷ್ಟು ಮುರಿದೆ. ಈ ಸಲ ಇಲಿಗೆ ವಾಸನೆ ಬಾರದಂತೆ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಜಾಕೀಟಿನ ಒಳಜೇಬಿನಲ್ಲಿಟ್ಟೆ. ಸ್ಟೋರಿನವರು ಕಂಡು ಕೇಸು ಬರೆದರೆ ಬರೆಯಲಿ, ಉತ್ತರ ತಯಾರಿದೆ. ಈ ಸಲ ಒಂದೇ ವಾಕ್ಯ ಬರೆದುಕೊಡುತ್ತೇನೆ. ಎರಡನೆಯದು ಈಗ ಬೇಕಾಗಿಲ್ಲ.